ಡಯಾಲಿಸಿಸ್ ಸಾಕಾಗುತ್ತಿದೆಯೇ? ಎರಡು ಯೂರಿಯಾ ಅಂಕಿಗಳಿಂದ ಕೆಟಿ ಬೈ ವಿ ಲೆಕ್ಕ ಹಾಕುವ ಕ್ರಮ

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮಾಸಿಕ ರಕ್ತಪರೀಕ್ಷೆಯಲ್ಲಿ ಯೂರಿಯಾ, ಅಂದರೆ ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ, ಎರಡು ಸಲ ಬರುತ್ತದೆ. ಒಂದು ಡಯಾಲಿಸಿಸ್‌ಗೆ ಮುಂಚಿನದು, ಇನ್ನೊಂದು ಮುಗಿದ ಮೇಲಿನದು. ಎರಡನೆಯದು ಇಳಿದಿದೆಯಲ್ಲ ಎಂದು ಸಮಾಧಾನಪಟ್ಟು ವರದಿಯನ್ನು ಫೈಲಿಗೆ ಸೇರಿಸುವವರೇ ಹೆಚ್ಚು. ಇಳಿದೇ ಇಳಿಯುತ್ತದೆ, ಪ್ರಶ್ನೆ ಇರುವುದು ಸಾಕಷ್ಟು ಇಳಿಯಿತೇ ಎಂಬುದು. ಅದಕ್ಕೆ ಉತ್ತರ ಕೊಡುವ ಅಂಕಿಗೆ ಕೆಟಿ ಬೈ ವಿ ಎಂದು ಹೆಸರು. ಎರಡು ಯೂರಿಯಾ, ನಡೆದ ಗಂಟೆಗಳು, ಯಂತ್ರ ದೇಹದಿಂದ ತೆಗೆದ ನೀರು, ಮುಗಿದಾಗಿನ ತೂಕ ಇವಿಷ್ಟು ಕೈಯಲ್ಲಿದ್ದರೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಅದನ್ನು ಲೆಕ್ಕ ಹಾಕಬಹುದು. ಈ ಬರಹ ರೋಗಿಯ ಮನೆಯವರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಟೆಕ್ನಿಷಿಯನ್‌ಗಳಿಗೆ, ಗಣಿತ ಓದುವ ವಿದ್ಯಾರ್ಥಿಗಳಿಗೆ. ಯಂತ್ರದ ಸೆಟ್ಟಿಂಗ್ ಬದಲಿಸುವ ತೀರ್ಮಾನ ಮಾತ್ರ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞ) ಅವರದ್ದೇ.

ಹಂಡೆಯ ಲೆಕ್ಕ

ಒಂದು ಹಂಡೆ ಉಪ್ಪುನೀರಿದೆ ಎಂದುಕೊಳ್ಳಿ. ಅದರಿಂದ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆದು, ಉಪ್ಪು ಕಳೆದು, ಮತ್ತೆ ಅದೇ ಹಂಡೆಗೆ ಸುರಿಯುತ್ತಿದ್ದೀರಿ. ಮೊದಲ ಚೊಂಬಿನಲ್ಲಿ ಉಪ್ಪು ಹೆಚ್ಚು ಸಿಗುತ್ತದೆ. ಹೊತ್ತು ಕಳೆದಂತೆ ಪ್ರತಿ ಚೊಂಬಿನಲ್ಲೂ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ, ಯಾಕೆಂದರೆ ಹಂಡೆಯೇ ಸಪ್ಪೆಯಾಗುತ್ತಿದೆ. ಡಯಾಲಿಸಿಸ್ ನಡೆಯುವುದೂ ಹೀಗೆಯೇ. ಇದನ್ನು ಗಣಿತದಲ್ಲಿ ಹೇಳಿದರೆ ಬಹಳ ಸರಳವಾದ ಒಂದು ಅವಕಲ ಸಮೀಕರಣ:

ಯೂರಿಯಾ ಇಳಿಯುವ ವೇಗ = (ಕೆ ÷ ವಿ) × ಆ ಕ್ಷಣದ ಯೂರಿಯಾ

ಕೆ ಎಂದರೆ ಡಯಾಲೈಸರ್, ಅಂದರೆ ಯಂತ್ರದಲ್ಲಿ ರಕ್ತ ಶೋಧಿಸುವ ಭಾಗ, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತವನ್ನು ಯೂರಿಯಾದಿಂದ ಪೂರ್ತಿ ಮುಕ್ತಗೊಳಿಸುತ್ತದೆ ಎಂಬುದು. ವಿ ಎಂದರೆ ಯೂರಿಯಾ ಹರಡಿಕೊಂಡಿರುವ ದೇಹದ ಒಟ್ಟು ನೀರು, ಅಂದರೆ ಹಂಡೆಯ ಗಾತ್ರ. ಟಿ ಎಂದರೆ ಸಮಯ. ಸಮೀಕರಣ ಬಿಡಿಸಿದರೆ ಕೆಟಿ ಬೈ ವಿ ಎಂಬುದು ಮೊದಲಿನ ಯೂರಿಯಾವನ್ನು ಕೊನೆಯ ಯೂರಿಯಾದಿಂದ ಭಾಗಿಸಿ ತೆಗೆದ ಸಹಜ ಲಾಗರಿದಮ್‌ಗೆ ಸಮ ಎಂದು ಬರುತ್ತದೆ. ಯೂರಿಯಾ ಅರ್ಧಕ್ಕೆ ಇಳಿದರೆ ಅದು 0.69. ಅಮೆರಿಕದ ಒಂದು ದೊಡ್ಡ ಡಯಾಲಿಸಿಸ್ ಅಧ್ಯಯನದ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿ, 1985ರಲ್ಲಿ ಈ ಅಂಕಿಯನ್ನು ಡಯಾಲಿಸಿಸ್‌ನ ಪ್ರಮಾಣವಾಗಿ ಮುಂದಿಟ್ಟವರು ಫ್ರಾಂಕ್ ಗಾಚ್ ಮತ್ತು ಜಾನ್ ಸಾರ್ಜೆಂಟ್. ಮಾತ್ರೆಗೆ ಮಿಲಿಗ್ರಾಂ ಇದ್ದಂತೆ ಡಯಾಲಿಸಿಸ್‌ಗೆ ಕೆಟಿ ಬೈ ವಿ.

ರಕ್ತ ತೆಗೆಯುವುದು: ಲೆಕ್ಕ ಕೆಡುವುದೇ ಇಲ್ಲಿ

ಸೂತ್ರ ಎಷ್ಟೇ ನಿಖರವಾಗಿರಲಿ, ಎರಡು ಟ್ಯೂಬಿನ ರಕ್ತ ಸರಿಯಾಗಿ ತೆಗೆಯದಿದ್ದರೆ ಅಂಕಿಗೆ ಅರ್ಥವಿಲ್ಲ. ಎರಡೂ ಸ್ಯಾಂಪಲ್ ಒಂದೇ ದಿನದ ಒಂದೇ ಸೆಷನ್ನಿನವಾಗಿರಬೇಕು, ಒಂದೇ ಪ್ರಯೋಗಾಲಯಕ್ಕೆ ಹೋಗಬೇಕು.

ಮುಂಚಿನ ಸ್ಯಾಂಪಲ್ಲನ್ನು ಫಿಸ್ಟುಲಾಗೆ (ಡಯಾಲಿಸಿಸ್‌ಗೆಂದು ತೋಳಿನಲ್ಲಿ ಅಪಧಮನಿ, ಅಭಿಧಮನಿ ಸೇರಿಸಿ ಮಾಡಿದ ಜೋಡಣೆ) ಸೂಜಿ ಚುಚ್ಚಿದ ಕೂಡಲೇ, ಟ್ಯೂಬ್ ಜೋಡಿಸುವ ಮೊದಲು, ಸಲೈನ್ ಅಥವಾ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಒಳಹೋಗುವ ಮೊದಲು ತೆಗೆಯಬೇಕು. ಕ್ಯಾತಿಟರ್ (ದೊಡ್ಡ ರಕ್ತನಾಳದಲ್ಲಿ ಇಟ್ಟ ಕೊಳವೆ) ಇದ್ದರೆ ಒಳಗೆ ತುಂಬಿಟ್ಟ ಹೆಪಾರಿನ್ ದ್ರಾವಣವನ್ನೂ ನಂತರ ದೊಡ್ಡವರಲ್ಲಿ 10 ಮಿಲಿಲೀಟರ್ ರಕ್ತವನ್ನೂ ಹೊರತೆಗೆದು, ಹೊಸ ಸಿರಿಂಜಿನಲ್ಲಿ ಸ್ಯಾಂಪಲ್ ತೆಗೆಯುವುದು ಕ್ರಮ. ಇಲ್ಲಿ ಸಲೈನ್ ಬೆರೆತರೆ, ಅಥವಾ ಪಂಪ್ ಶುರುವಾದ ಮೇಲೆ ನೆನಪಾಗಿ ರಕ್ತ ತೆಗೆದರೆ, ಮೊದಲಿನ ಯೂರಿಯಾ ಕಡಿಮೆ ಬಂದು ಡಯಾಲಿಸಿಸ್ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತದೆ.

ಕೊನೆಯ ಸ್ಯಾಂಪಲ್ ಇನ್ನೂ ಸೂಕ್ಷ್ಮ. ಡಯಾಲೈಸರಿನಿಂದ ಶುದ್ಧವಾಗಿ ಬಂದ ರಕ್ತದ ಒಂದಂಶ ಕೆಲವೊಮ್ಮೆ ದೇಹದೊಳಗೆ ಸುತ್ತಿ ಬರದೆ ನೇರವಾಗಿ ಪಕ್ಕದ ಸೂಜಿಗೆ ಮರಳುತ್ತದೆ. ಪಂಪ್ ಪೂರ್ತಿ ವೇಗದಲ್ಲಿರುವಾಗ ಸ್ಯಾಂಪಲ್ ತೆಗೆದರೆ ಈ ಶುದ್ಧ ರಕ್ತವೇ ಟ್ಯೂಬಿಗೆ ಬಂದು ಯೂರಿಯಾ ಸುಳ್ಳೇ ಕಡಿಮೆ ತೋರುತ್ತದೆ. ಹೀಗಾಗಿ ಒಪ್ಪಿತವಾದ ಎರಡು ವಿಧಾನಗಳಿವೆ.

ನಿಧಾನ ಪಂಪ್ ವಿಧಾನ: ಸಮಯ ಮುಗಿದ ಕೂಡಲೇ ಡಯಾಲಿಸೇಟ್ (ಡಯಾಲೈಸರಿನಲ್ಲಿ ರಕ್ತದಿಂದ ಕಲ್ಮಶ ಹೀರಿಕೊಳ್ಳುವ ದ್ರವ) ಹರಿವನ್ನು ನಿಲ್ಲಿಸಿ, ನೀರು ತೆಗೆಯುವುದನ್ನು ಕನಿಷ್ಠಕ್ಕೆ ಇಳಿಸಿ. ರಕ್ತದ ಪಂಪನ್ನು ನಿಮಿಷಕ್ಕೆ 100 ಮಿಲಿಲೀಟರಿಗೆ ತಂದು 15 ಸೆಕೆಂಡ್ ಕಾಯಿರಿ. ಆಮೇಲೆ ಆರ್ಟೀರಿಯಲ್ (ದೇಹದಿಂದ ಯಂತ್ರಕ್ಕೆ ರಕ್ತ ಒಯ್ಯುವ) ಲೈನಿನ ಪೋರ್ಟಿನಿಂದ ರಕ್ತ ತೆಗೆಯಿರಿ. ಸೂಜಿಯಿಂದ ಪೋರ್ಟಿನವರೆಗಿನ ಟ್ಯೂಬ್ ಉದ್ದವಿದ್ದರೆ ಇನ್ನೂ ಕೆಲವು ಸೆಕೆಂಡ್ ಹೆಚ್ಚು ಕಾಯಬೇಕು.

ಡಯಾಲಿಸೇಟ್ ನಿಲ್ಲಿಸುವ ವಿಧಾನ: ಡಯಾಲಿಸೇಟನ್ನು ಡಯಾಲೈಸರಿಗೆ ಹೋಗದಂತೆ ಬೈಪಾಸ್‌ಗೆ ಹಾಕಿ, ರಕ್ತದ ಪಂಪಿನ ವೇಗ ಮುಟ್ಟದೆ 3 ನಿಮಿಷ ಕಾದು ಸ್ಯಾಂಪಲ್ ತೆಗೆಯುವುದು.

ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ತಿಂಗಳಿಗೊಂದು ಬೇಡ. ಒಬ್ಬ ಟೆಕ್ನಿಷಿಯನ್ ಒಂದು ಬಗೆಯಲ್ಲಿ, ಮತ್ತೊಬ್ಬರು ಇನ್ನೊಂದು ಬಗೆಯಲ್ಲಿ ತೆಗೆದರೆ ತಿಂಗಳಿಂದ ತಿಂಗಳಿಗೆ ಅಂಕಿ ಏರಿಳಿಯುತ್ತದೆ. ಅದರಲ್ಲಿ ರೋಗಿಯ ಸ್ಥಿತಿ ಎಷ್ಟು, ವಿಧಾನದ ವ್ಯತ್ಯಾಸ ಎಷ್ಟು ಎಂದು ಬೇರ್ಪಡಿಸಲಾಗದು.

ಲೆಕ್ಕ

ಮೊದಲು ಒಂದು ಎಚ್ಚರಿಕೆ. ನಮ್ಮ ಪ್ರಯೋಗಾಲಯಗಳು ಹೆಚ್ಚಾಗಿ ರಕ್ತದ ಯೂರಿಯಾ ಕೊಡುತ್ತವೆ; ಕೆಲವು ಕಡೆ ಬಿಯುಎನ್, ಅಂದರೆ ಯೂರಿಯಾದೊಳಗಿನ ಸಾರಜನಕದ ಅಂಕಿ ಬರುತ್ತದೆ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಎರಡೂ ಅಂಕಿ ಒಂದೇ ಬಗೆಯವಾಗಿದ್ದರೆ ತೊಂದರೆಯಿಲ್ಲ, ನಮಗೆ ಬೇಕಿರುವುದು ಅವುಗಳ ಅನುಪಾತ. ಒಂದು ಯೂರಿಯಾ ಇನ್ನೊಂದು ಬಿಯುಎನ್ ಆದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಹಂಡೆಯ ಸರಳ ಸಮೀಕರಣ ಎರಡು ಸಂಗತಿಗಳನ್ನು ಬಿಟ್ಟಿದೆ. ಡಯಾಲಿಸಿಸ್ ನಡೆಯುವಾಗಲೂ ದೇಹ ಯೂರಿಯಾ ತಯಾರಿಸುತ್ತಲೇ ಇರುತ್ತದೆ. ಜೊತೆಗೆ, ತೆಗೆದ ನೀರಿನೊಡನೆ ಯೂರಿಯಾವೂ ಹೊರಹೋಗುತ್ತದೆ. ಈ ಎರಡನ್ನೂ ಸೇರಿಸಿ ಜಾನ್ ಡಾಗಿರ್ಡಾಸ್ 1993ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಬಳಕೆಯಲ್ಲಿದೆ:

ಕೆಟಿ ಬೈ ವಿ = − ಎಲ್‌ಎನ್ (ಅ − 0.008 × ಗಂ) + (4 − 3.5 × ಅ) × (ನೀ ÷ ತೂ)

ಅ ಎಂದರೆ ಕೊನೆಯ ಯೂರಿಯಾವನ್ನು ಮೊದಲಿನ ಯೂರಿಯಾದಿಂದ ಭಾಗಿಸಿದ ಅನುಪಾತ. ಗಂ ಎಂದರೆ ನಡೆದ ಗಂಟೆಗಳು. ನೀ ಎಂದರೆ ತೆಗೆದ ನೀರು ಲೀಟರುಗಳಲ್ಲಿ. ತೂ ಎಂದರೆ ಮುಗಿದ ಮೇಲಿನ ತೂಕ ಕಿಲೋಗಳಲ್ಲಿ. ಎಲ್‌ಎನ್ ಸಹಜ ಲಾಗರಿದಮ್.

ಒಂದು ಉದಾಹರಣೆ ಬಿಡಿಸೋಣ. ಮೊದಲು ಯೂರಿಯಾ 140, ಕೊನೆಗೆ 42. ನಡೆದದ್ದು 4 ಗಂಟೆ, ತೆಗೆದ ನೀರು 2.4 ಲೀಟರ್, ಕೊನೆಯ ತೂಕ 60 ಕಿಲೋ.

ಅನುಪಾತ 42 ÷ 140 = 0.30. ಅದರಿಂದ 0.008 × 4 = 0.032 ಕಳೆದರೆ 0.268. ಇದರ ಎಲ್‌ಎನ್ −1.317; ಚಿಹ್ನೆ ತಿರುಗಿಸಿದರೆ 1.317. ಇನ್ನು ಎರಡನೆಯ ಭಾಗ: 4 − 1.05 = 2.95, ಅದನ್ನು 2.4 ÷ 60 = 0.04ರಿಂದ ಗುಣಿಸಿದರೆ 0.118. ಕೂಡಿದರೆ 1.435. ಹೆಚ್ಚೂಕಡಿಮೆ 1.43 ಎನ್ನಿ. ತಿದ್ದುಪಡಿಯಿಲ್ಲದ ಹಂಡೆಯ ಲೆಕ್ಕದಲ್ಲಿ ಇದೇ 1.20 ಆಗುತ್ತಿತ್ತು, ಅಂದರೆ ತಿದ್ದುಪಡಿ ಸಣ್ಣದಲ್ಲ.

ಮೊಬೈಲಿನಲ್ಲಿ ಬಹಳ ಜನ ಎಡವುವುದು ಲಾಗ್ ಗುಂಡಿಯಲ್ಲಿ. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಲಾಗ್, ಎಲ್‌ಎನ್ ಎರಡೂ ಪಕ್ಕಪಕ್ಕ ಇರುತ್ತವೆ. ಲಾಗ್ ಒತ್ತಿದರೆ 1.317ರ ಬದಲು 0.572 ಬರುತ್ತದೆ. ಗಾಬರಿಯಾಗುವಷ್ಟು ಕಡಿಮೆ ಅಂಕಿ ಕಂಡರೆ ಮೊದಲು ಈ ಗುಂಡಿಯನ್ನೇ ಅನುಮಾನಿಸಿ. ಎಲ್‌ಎನ್ ಇಲ್ಲದ ಕ್ಯಾಲ್ಕುಲೇಟರಾದರೆ ಲಾಗ್ ತೆಗೆದು 2.303ರಿಂದ ಗುಣಿಸಿ.

ಸ್ಯಾಂಪಲ್ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಇದೇ ಉದಾಹರಣೆಯಲ್ಲಿ ನೋಡಬಹುದು. ಪಂಪ್ ಇಳಿಸದೆ ತೆಗೆದು 42ರ ಬದಲು 36 ಬಂತೆನ್ನಿ: ಕೆಟಿ ಬೈ ವಿ 1.61ಕ್ಕೆ ಜಿಗಿಯುತ್ತದೆ. ತಡವಾಗಿ ತೆಗೆದು 48 ಬಂದರೆ 1.28ಕ್ಕೆ ಕುಸಿಯುತ್ತದೆ. ರೋಗಿ ಅದೇ, ಯಂತ್ರ ಅದೇ, ಡಯಾಲಿಸಿಸ್ ಅದೇ.

ಜೀವಕೋಶಗಳೊಳಗೆ ಉಳಿದದ್ದು

ತಡವಾದರೆ ಯೂರಿಯಾ ಏರುವುದೇಕೆ? ದೇಹ ಒಂದೇ ಹಂಡೆಯಲ್ಲ, ಅದಕ್ಕೆ. ಯೂರಿಯಾ ಜೀವಕೋಶಗಳ ಒಳಗೂ ಹೊರಗೂ ಇದೆ. ಕೆಂಪು ರಕ್ತಕಣದಿಂದ ಅದು ಬೇಗ ಹೊರಬರುತ್ತದೆ, ಯಾಕೆಂದರೆ ಆ ಕಣದ ಪೊರೆಯಲ್ಲಿ ಯುಟಿ-ಬಿ ಎಂಬ ಪ್ರೋಟೀನ್ ಯೂರಿಯಾಕ್ಕೆಂದೇ ಇರುವ ಬಾಗಿಲಿನಂತೆ ಕೆಲಸ ಮಾಡುತ್ತದೆ. (ರಕ್ತಗುಂಪುಗಳಲ್ಲಿ ಕಿಡ್ ಎಂಬ ಗುಂಪನ್ನು ಗುರುತಿಸುವುದೂ ಇದೇ ಪ್ರೋಟೀನಿನಿಂದ.) ಆದರೆ ದೇಹದ ನೀರಿನ ಬಹುಪಾಲು ಇರುವುದು ಸ್ನಾಯು, ಚರ್ಮಗಳಲ್ಲಿ, ಮಲಗಿರುವಾಗ ಅಲ್ಲಿಗೆ ಹರಿಯುವ ರಕ್ತ ಕಡಿಮೆ. ಡಯಾಲೈಸರ್ ರಕ್ತವನ್ನು ಶುದ್ಧ ಮಾಡುವಷ್ಟು ವೇಗದಲ್ಲಿ ಸ್ನಾಯುವಿನ ಯೂರಿಯಾ ರಕ್ತಕ್ಕೆ ಬರಲಾರದು. ಯಂತ್ರ ನಿಲ್ಲಿಸಿದ ಮೇಲೆ ಅದು 30ರಿಂದ 60 ನಿಮಿಷಗಳಲ್ಲಿ ಮೆಲ್ಲನೆ ಬಂದು ಸೇರುತ್ತದೆ. ಇದಕ್ಕೆ ರಿಬೌಂಡ್ ಎನ್ನುತ್ತಾರೆ.

ರೋಗಿಯನ್ನು ಒಂದು ಗಂಟೆ ಕೂರಿಸಿ ಮತ್ತೆ ರಕ್ತ ತೆಗೆಯುವ ಅಗತ್ಯವಿಲ್ಲ, ಸೂತ್ರವಿದೆ. ಫಿಸ್ಟುಲಾ ಇದ್ದವರಲ್ಲಿ: ಬಂದ ಕೆಟಿ ಬೈ ವಿ ಅನ್ನು 0.6ರಿಂದ ಗುಣಿಸಿ, ಗಂಟೆಗಳಿಂದ ಭಾಗಿಸಿ, ಆ ಉತ್ತರವನ್ನು ಮೂಲ ಅಂಕಿಯಿಂದ ಕಳೆದು, 0.03 ಕೂಡಿಸಿ. ನಮ್ಮ ಉದಾಹರಣೆಯಲ್ಲಿ 1.435 − 0.215 + 0.03 = 1.25. ಕ್ಯಾತಿಟರ್ ಇದ್ದರೆ 0.6ರ ಬದಲು 0.47, 0.03ರ ಬದಲು 0.02.

ಗಂಟೆಗಳು ಛೇದದಲ್ಲಿ ಇರುವುದನ್ನು ಗಮನಿಸಿ. ಅದೇ 1.435 ಅನ್ನು 3 ಗಂಟೆಯಲ್ಲಿ ಮುಗಿಸಿದರೆ ನಿಜವಾಗಿ ಸಿಗುವುದು 1.18. ವೇಗವಾಗಿ ಮಾಡಿದ ಡಯಾಲಿಸಿಸ್ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಜೀವಕೋಶಗಳ ಒಳಗಿನದನ್ನು ಹಿಂದೆ ಬಿಡುತ್ತದೆ.

ಎಷ್ಟು ಬಂದರೆ ಸಾಕು

ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್‌ನ 2015ರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗುವವರಿಗೆ ಪ್ರತಿ ಸೆಷನ್ನಿಗೆ ಗುರಿ 1.4, ಕನಿಷ್ಠ 1.2. ಇದು ಡಾಗಿರ್ಡಾಸ್ ಸೂತ್ರದಿಂದ ಬರುವ ಅಂಕಿಗೆ, ರಿಬೌಂಡ್ ಕಳೆಯದೆ. ಇನ್ನೂ ಏರಿಸಿದರೆ ಇನ್ನೂ ಒಳ್ಳೆಯದೇ? 2002ರಲ್ಲಿ ಪ್ರಕಟವಾದ ಹೀಮೋ ಅಧ್ಯಯನದಲ್ಲಿ 1,846 ರೋಗಿಗಳಲ್ಲಿ ಸುಮಾರು 1.3 ಮತ್ತು 1.7ರ ಪ್ರಮಾಣಗಳನ್ನು ಹೋಲಿಸಿದಾಗ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ 1.2ರ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು ಮುಖ್ಯ, 1.8ರ ಬೆನ್ನು ಹತ್ತುವುದಲ್ಲ.

ತೂಕ ಇಳಿಯುತ್ತಾ ಕೆಟಿ ಬೈ ವಿ ತಾನಾಗಿ ಏರುತ್ತಿದ್ದರೆ ಸಂತೋಷಪಡಬೇಡಿ. ಸ್ನಾಯು ಕರಗಿ ಹಂಡೆ ಚಿಕ್ಕದಾಗುತ್ತಿರಬಹುದು. ಮುಂಚಿನ ಯೂರಿಯಾ ತೀರಾ ಕಡಿಮೆ ಇದ್ದರೂ ಹಾಗೆಯೇ. ಊಟದಲ್ಲಿ ಪ್ರೋಟೀನ್ ಸಾಲುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು. ಡಯಾಲಿಸಿಸ್ ಆಗುತ್ತಿರುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಡಯಾಲಿಸಿಸ್‌ಗೆ ಮುಂಚಿನ ದಿನಗಳ ಪಥ್ಯವನ್ನೇ ಮುಂದುವರಿಸಿ ಬೇಳೆ, ಮೊಟ್ಟೆ ಬಿಟ್ಟವರಲ್ಲಿ ಈ ತೊಂದರೆ ಕಾಣುತ್ತದೆ.

ಕಡಿಮೆ ಬಂದರೆ ಎಲ್ಲಿ ಹುಡುಕಬೇಕು

ಸ್ಯಾಂಪಲ್ ಸರಿಯಿತ್ತು ಎಂದು ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ಸಮಯ. ಚೀಟಿಯಲ್ಲಿ 4 ಗಂಟೆ ಎಂದಿದ್ದು, ತಡವಾಗಿ ಶುರು, ನಡುವೆ ಬಿಪಿ ಇಳಿದು ನಿಲುಗಡೆ, ಊರಿನ ಬಸ್ಸಿಗೆಂದು ಬೇಗ ಮುಗಿಸಿದ್ದು ಎಲ್ಲ ಸೇರಿ 30 ನಿಮಿಷ ಹೋದರೆ ಎಂಟನೇ ಒಂದು ಭಾಗ ಹೋಯಿತು: 1.4 ಇರಬೇಕಾದದ್ದು 1.22ರ ಹತ್ತಿರಕ್ಕೆ ಬರುತ್ತದೆ. ಯಂತ್ರದ ಪರದೆಯಲ್ಲಿ ನಿಜವಾಗಿ ನಡೆದ ಸಮಯ ದಾಖಲಾಗಿರುತ್ತದೆ, ಅದನ್ನೇ ಬರೆದುಕೊಳ್ಳಿ.

ಎರಡನೆಯದು ರಕ್ತದ ಹರಿವು. ಇಲ್ಲಿ ಲಾಭ ನೇರ ಅನುಪಾತದಲ್ಲಿ ಬರುವುದಿಲ್ಲ. ಯೂರಿಯಾ ಸಾಗಣೆಯ ಸಾಮರ್ಥ್ಯ ನಿಮಿಷಕ್ಕೆ 800 ಮಿಲಿಲೀಟರ್ ಇರುವ ಡಯಾಲೈಸರ್, ಡಯಾಲಿಸೇಟ್ 500 ಎಂದು ಹಿಡಿದು ಲೆಕ್ಕ ಹಾಕಿದರೆ, ಪಂಪ್ 200ರಲ್ಲಿ ಕೆ ಸುಮಾರು 189, 250ರಲ್ಲಿ 222, 300ರಲ್ಲಿ 248. ಪಂಪ್ ಅರ್ಧದಷ್ಟು ಹೆಚ್ಚಿದರೂ ಶುದ್ಧೀಕರಣ ಹೆಚ್ಚುವುದು ಮೂರನೇ ಒಂದರಷ್ಟು ಮಾತ್ರ. ಡಯಾಲಿಸೇಟನ್ನು 500ರಿಂದ 800ಕ್ಕೆ ಏರಿಸಿದರೆ ಪಂಪ್ 300ರಲ್ಲೂ ಕೆ 262 ಆಗುತ್ತದೆ, ಬರೀ ಶೇ 6ರಷ್ಟು ಲಾಭ. ಆರ್‌ಒ ನೀರಿಗೆ ಕಷ್ಟವಿರುವ ಕೇಂದ್ರದಲ್ಲಿ ಇದಕ್ಕಾಗಿ ನೀರು ಸುರಿಯುವುದಕ್ಕಿಂತ 20 ನಿಮಿಷ ಹೆಚ್ಚು ಕೂರಿಸುವುದು ಮೇಲು.

ಪಂಪ್ 300 ಎಂದು ತೋರಿಸಿದರೂ 300 ಹರಿಯುತ್ತಿರಬೇಕೆಂದಿಲ್ಲ. ಸಣ್ಣ 17 ಗೇಜ್ ಸೂಜಿಯಲ್ಲಿ (ಗೇಜ್ ಸಂಖ್ಯೆ ಇಳಿದಂತೆ ಸೂಜಿ ದಪ್ಪ) ಪಂಪ್ ಜೋರಾಗಿ ಎಳೆದರೆ ಆರ್ಟೀರಿಯಲ್ ಒತ್ತಡ −200ರಿಂದ −250ಕ್ಕಿಂತ ಕೆಳಗಿಳಿದು ಟ್ಯೂಬ್ ಚಪ್ಪಟೆಯಾಗುತ್ತದೆ, ನಿಜವಾದ ಹರಿವು ಕಡಿಮೆಯಾಗುತ್ತದೆ. 300ರ ಮೇಲೆ ಬೇಕಾದರೆ 16 ಗೇಜ್, 350 ದಾಟಿದರೆ 15 ಗೇಜ್, ಅದೂ ಫಿಸ್ಟುಲಾ ತಡೆದುಕೊಳ್ಳುವಂತಿದ್ದರೆ.

ಫಿಸ್ಟುಲಾವನ್ನು ಪ್ರತಿದಿನ ಬೆರಳಿಟ್ಟು ನೋಡಿ. ಝುಮ್ಮೆನ್ನುವ ಕಂಪನ ಹೋಗಿ ನಾಡಿಯಂತೆ ಬಡಿಯತೊಡಗಿದರೆ ಮುಂದೆಲ್ಲೋ ರಕ್ತನಾಳ ಕಿರಿದಾಗಿದೆ ಎಂದರ್ಥ. ಹಾಗಾದಾಗ ಶುದ್ಧ ರಕ್ತ ಮತ್ತೆ ಯಂತ್ರಕ್ಕೇ ಮರಳುವುದು ಹೆಚ್ಚುತ್ತದೆ. ಎರಡು ಸೂಜಿ ತೀರಾ ಹತ್ತಿರ ಇದ್ದರೂ, ಆರ್ಟೀರಿಯಲ್ ಮತ್ತು ವೀನಸ್ (ರಕ್ತ ದೇಹಕ್ಕೆ ಮರಳಿಸುವ) ಸೂಜಿ ಅದಲುಬದಲಾದರೂ, ಕ್ಯಾತಿಟರಿನ ಲೈನ್ ತಿರುಗಿಸಿ ಜೋಡಿಸಿದರೂ ಇದೇ ಫಲ.

ಡಯಾಲೈಸರ್ ಮರುಬಳಕೆಯಾಗುತ್ತಿದ್ದರೆ ಪ್ರತಿ ಸಲ ತೊಳೆದ ಮೇಲೆ ನಾರುಗಳ ಒಳಗಿನ ಗಾತ್ರ ಅಳೆಯಬೇಕು. ಹೊಸದಿದ್ದಾಗಿನದರ ಶೇ 80ಕ್ಕಿಂತ ಕೆಳಗಿಳಿದರೆ ಬಿಸಾಡಬೇಕು: ಹೊಸದರಲ್ಲಿ 110 ಮಿಲಿಲೀಟರ್ ಇದ್ದದ್ದು 88ಕ್ಕಿಂತ ಕೆಳಗಿದ್ದರೆ ಅದರ ಕೆಲಸ ಮುಗಿಯಿತು. ಈ ಅಂಕಿ ಕೇಳುವ ಹಕ್ಕು ರೋಗಿಗೆ ಇದೆ.

ಕೆಲವು ಯಂತ್ರಗಳು ಪರದೆಯ ಮೇಲೆಯೇ ಕೆಟಿ ಬೈ ವಿ ತೋರಿಸುತ್ತವೆ. ಅವು ಯೂರಿಯಾ ಅಳೆಯುವುದಿಲ್ಲ, ಡಯಾಲಿಸೇಟಿನ ವಿದ್ಯುತ್ ವಾಹಕತೆಯಿಂದ ಕೆ ಅಂದಾಜಿಸುತ್ತವೆ. ವಿ ಮಾತ್ರ ನಾವು ತುಂಬಿದ್ದು. ಹಿಂದಿನ ಶಿಫ್ಟಿನ ರೋಗಿಯ ತೂಕ ಹಾಗೇ ಉಳಿದಿದ್ದರೆ ಪರದೆಯ ಅಂಕಿ ಅವರದ್ದೂ ಅಲ್ಲ, ನಿಮ್ಮದೂ ಅಲ್ಲ.

ಮುಂಚೆಯೇ ಸಮಯ ಅಂದಾಜಿಸುವುದು

ವಿ ತಿಳಿಯಲು 1980ರ ವಾಟ್ಸನ್ ಸೂತ್ರ ಸಾಕು. ಗಂಡಸರಿಗೆ: 2.447 − 0.09516 × ವಯಸ್ಸು + 0.1074 × ಎತ್ತರ ಸೆಂಟಿಮೀಟರ್ + 0.3362 × ತೂಕ. ಹೆಂಗಸರಿಗೆ: −2.097 + 0.1069 × ಎತ್ತರ + 0.2466 × ತೂಕ. 50 ವರ್ಷದ, 165 ಸೆಂಟಿಮೀಟರ್ ಎತ್ತರದ, 60 ಕಿಲೋ ಗಂಡಸಿಗೆ 35.6 ಲೀಟರ್. ಕೆ 180 ಸಿಗುತ್ತಿದೆ, 1.4 ಬೇಕು ಎಂದರೆ 1.4 × 35,600 ÷ 180 = 277 ನಿಮಿಷ. ತೆಗೆಯುವ ನೀರಿನಿಂದ ಸ್ವಲ್ಪ ನೆರವು ಸಿಗುವುದರಿಂದ ಇದಕ್ಕಿಂತ ತುಸು ಕಡಿಮೆ ಸಾಕಾದೀತು, ಆದರೆ 4 ಗಂಟೆಯಲ್ಲಿ ಕಷ್ಟ ಎಂಬುದು ಸ್ಪಷ್ಟ.

ಸಮಯ ಹೆಚ್ಚಿಸುವುದರಿಂದ ಇನ್ನೊಂದು ಉಪಕಾರವಿದೆ. ಗಂಟೆಗೆ ಕಿಲೋ ತೂಕಕ್ಕೆ 13 ಮಿಲಿಲೀಟರಿಗಿಂತ ವೇಗವಾಗಿ ನೀರು ತೆಗೆದವರಲ್ಲಿ ಸಾವಿನ ಪ್ರಮಾಣ ಹೆಚ್ಚು ಕಂಡಿದೆ. 60 ಕಿಲೋದವರಿಗೆ 4 ಗಂಟೆಯಲ್ಲಿ ಅದು 3.1 ಲೀಟರ್. ಅದಕ್ಕಿಂತ ಹೆಚ್ಚು ನೀರು ಏರಿಸಿಕೊಂಡು ಬಂದರೆ ಒಂದೋ ಸಮಯ ಬೆಳೆಯಬೇಕು, ಇಲ್ಲವೇ ಮನೆಯಲ್ಲಿ ಉಪ್ಪು ಇಳಿಯಬೇಕು.

ವಾರಕ್ಕೆ ಎರಡೇ ಬಾರಿ ಆಗುತ್ತಿದ್ದರೆ

ದೂರ, ಖರ್ಚು, ಕೂಲಿ ತಪ್ಪುವುದು, ಹಾಸಿಗೆ ಸಿಗದಿರುವುದು ಇವೆಲ್ಲದರಿಂದ ನಮ್ಮಲ್ಲಿ ಅನೇಕರು ವಾರಕ್ಕೆ ಎರಡೇ ಸಲ ಬರುತ್ತಾರೆ. ಅವರ ವರದಿಯಲ್ಲಿ 1.4 ಕಂಡು ಸಾಕೆಂದುಕೊಳ್ಳುವುದು ದೊಡ್ಡ ತಪ್ಪು. ಸೆಷನ್ನಿನ ಅಂಕಿಗಳನ್ನು ಹಾಗೇ ಕೂಡಿಸಲೂ ಬರುವುದಿಲ್ಲ. ವಾರಕ್ಕೆಂದೇ ಸ್ಟ್ಯಾಂಡರ್ಡ್ ಕೆಟಿ ಬೈ ವಿ ಎಂಬ ಬೇರೆ ಅಳತೆಯಿದೆ. ಅದರ ಗುರಿ 2.3, ಕನಿಷ್ಠ 2.1. ನಮ್ಮ ಉದಾಹರಣೆಯ 1.25 (ರಿಬೌಂಡ್ ಕಳೆದದ್ದು) ವಾರಕ್ಕೆ ಮೂರು ಬಾರಿಯಾದರೆ 2.2 ಆಗುತ್ತದೆ, ಎರಡು ಬಾರಿಯಾದರೆ ಬರೀ 1.46.

ಈ ಕೊರತೆಯನ್ನು ತುಂಬಬಲ್ಲದ್ದು ಒಂದೇ, ರೋಗಿಯ ಸ್ವಂತ ಕಿಡ್ನಿಯಲ್ಲಿ ಉಳಿದ ಶಕ್ತಿ. ಅದು ನಿಮಿಷಕ್ಕೆ 1 ಮಿಲಿಲೀಟರ್ ಇದ್ದರೂ ಹಗಲು ರಾತ್ರಿ ನಡೆದು ವಾರಕ್ಕೆ 10 ಲೀಟರ್ ಶುದ್ಧ ಮಾಡುತ್ತದೆ. 35.6 ಲೀಟರಿನ ನಮ್ಮ ರೋಗಿ ಎರಡು ಬಾರಿಯಲ್ಲಿ 2.1 ಮುಟ್ಟಲು ಸ್ವಂತ ಕಿಡ್ನಿಯಿಂದ ನಿಮಿಷಕ್ಕೆ ಸುಮಾರು 2.3 ಮಿಲಿಲೀಟರ್ ಬೇಕು.

ಅಳೆಯುವುದು ಹೀಗೆ. ಮುಂದಿನ ಡಯಾಲಿಸಿಸ್‌ಗೆ ಮುಂಚಿನ 24 ಗಂಟೆಯ ಮೂತ್ರವನ್ನೆಲ್ಲ ಒಂದೇ ಕ್ಯಾನಿನಲ್ಲಿ ಸಂಗ್ರಹಿಸಿ. ಶುರುವಿನಲ್ಲಿ ಮೂತ್ರಕೋಶ ಖಾಲಿ ಮಾಡಿದ್ದನ್ನು ಚೆಲ್ಲಿ, ಕೊನೆಯದನ್ನು ಸೇರಿಸಿ. ಸಂಗ್ರಹದ ಮೊದಲೂ ಕೊನೆಗೂ ರಕ್ತದ ಯೂರಿಯಾ ನೋಡಿ ಸರಾಸರಿ ತೆಗೆಯಿರಿ. ಮೂತ್ರ 600 ಮಿಲಿಲೀಟರ್, ಅದರಲ್ಲಿ ಯೂರಿಯಾ 600, ರಕ್ತದಲ್ಲಿ ಸರಾಸರಿ 120 ಇದ್ದರೆ: (600 ÷ 120) × (600 ÷ 1440) = 2.08. ದಿನಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು ಮೂತ್ರ ಬರುವವರೆಲ್ಲ ಕೆಲವು ತಿಂಗಳಿಗೊಮ್ಮೆ ಇದನ್ನು ಮಾಡಿಸಬೇಕು, ಯಾಕೆಂದರೆ ಈ ಶಕ್ತಿ ಸದ್ದಿಲ್ಲದೆ ಕುಸಿಯುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಅದನ್ನು ಬೇಗ ಕೊಲ್ಲುತ್ತವೆ. ಪ್ರತಿ ಸೆಷನ್ನಿನಲ್ಲೂ ಬಿಪಿ ಬೀಳುವುದೂ ಅಷ್ಟೇ ಕೆಟ್ಟದ್ದು. ಮೂತ್ರ ಕಡಿಮೆಯಾದ ತಿಂಗಳೇ ಮೂರನೇ ಸೆಷನ್ನಿನ ಮಾತೆತ್ತಬೇಕು.

ಯೂರಿಯಾ ಹೇಳದ ಸಂಗತಿಗಳು

ಯೂರಿಯಾ ಸಣ್ಣ ಅಣು, ಸಲೀಸಾಗಿ ಹೊರಹೋಗುತ್ತದೆ. ರಂಜಕ, ಅಂದರೆ ಫಾಸ್ಫರಸ್ ಹಾಗಲ್ಲ. ಅದರ ಹೆಚ್ಚಿನ ಭಾಗ ಜೀವಕೋಶ ಮತ್ತು ಮೂಳೆಯಲ್ಲಿದ್ದು ಮೊದಲ ಒಂದೆರಡು ಗಂಟೆಯ ನಂತರ ನಿಧಾನಕ್ಕೆ ಜಿನುಗುತ್ತದೆ. ಕೆಟಿ ಬೈ ವಿ 1.5 ಇದ್ದೂ ಮೈ ತುರಿಕೆ, ಏರಿದ ಫಾಸ್ಫರಸ್ ಇರುವವರಿಗೆ ಪಂಪಿನ ವೇಗಕ್ಕಿಂತ ಹೆಚ್ಚು ಗಂಟೆಗಳು, ಊಟದ ಜೊತೆಯೇ ನುಂಗುವ, ಫಾಸ್ಫರಸ್ ಹಿಡಿದಿಡುವ ಬೈಂಡರ್ ಮಾತ್ರೆಗಳು ಉಪಯೋಗ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್‌ನಂಥ ದೊಡ್ಡ ಅಣುಗಳು ಬರೀ ವಿಸರಣದಿಂದ ಚೆನ್ನಾಗಿ ಹೋಗುವುದಿಲ್ಲ. ರಕ್ತದಿಂದ ಹೆಚ್ಚು ದ್ರವವನ್ನು ಹಿಂಡಿ, ಅಷ್ಟೇ ಶುದ್ಧ ದ್ರವ ಮರಳಿ ತುಂಬುವ ಹೀಮೋಡಯಾಫಿಲ್ಟ್ರೇಶನ್ ಇದಕ್ಕೆ ನೆರವಾಗುತ್ತದೆ. ಯುರೋಪಿನಲ್ಲಿ 1,360 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಕನ್ವಿನ್ಸ್ ಅಧ್ಯಯನದಲ್ಲಿ, ಸೆಷನ್ನಿಗೆ ಕನಿಷ್ಠ 23 ಲೀಟರ್ ಗುರಿಯಿಟ್ಟು ಇದನ್ನು ಮಾಡಿದವರಲ್ಲಿ ಶೇ 17.3, ಸಾಮಾನ್ಯ ಹೈಫ್ಲಕ್ಸ್ (ದೊಡ್ಡ ರಂಧ್ರದ ಪೊರೆಯ) ಡಯಾಲಿಸಿಸ್ ಆದವರಲ್ಲಿ ಶೇ 21.9 ಮಂದಿ ತೀರಿಕೊಂಡರು. ಅಷ್ಟು ಲೀಟರ್ ಮುಟ್ಟಲು ಒಳ್ಳೆಯ ಫಿಸ್ಟುಲಾ, ಜೋರಾದ ರಕ್ತದ ಹರಿವು, ಅತಿಶುದ್ಧ ನೀರು ಮೂರೂ ಬೇಕು. ಯಾರಾದರೂ ಈ ಚಿಕಿತ್ಸೆ ಸೂಚಿಸಿದರೆ ಸೆಷನ್ನಿಗೆ ಎಷ್ಟು ಲೀಟರ್ ಸಾಧ್ಯವಾಗುತ್ತಿದೆ ಎಂದು ಕೇಳಿ. ಹೆಸರಷ್ಟೇ ಬದಲಾಗಿ ಲೀಟರ್ ಬಾರದಿದ್ದರೆ ಆ ಫಲಿತಾಂಶವನ್ನು ನಿರೀಕ್ಷಿಸುವಂತಿಲ್ಲ.

ಒಂದು ನೋಟ್‌ಬುಕ್ ಇಡಿ. ತಾರೀಖು, ಎರಡು ಯೂರಿಯಾ, ನಿಜವಾಗಿ ನಡೆದ ನಿಮಿಷಗಳು, ಪಂಪಿನ ವೇಗ, ಆರ್ಟೀರಿಯಲ್ ವೀನಸ್ ಒತ್ತಡ, ತೆಗೆದ ನೀರು, ಕೊನೆಯ ತೂಕ, ಡಯಾಲೈಸರ್ ಎಷ್ಟನೇ ಬಳಕೆ, ದಿನದ ಮೂತ್ರ. ಕೆಟಿ ಬೈ ವಿ ಒಂದು ತಿಂಗಳು 0.2 ಕುಸಿದರೆ ಮುಂದಿನ ಸೆಷನ್ನಿನಲ್ಲೇ ಸ್ಯಾಂಪಲ್ ಮತ್ತೆ ತೆಗೆಸಿ, ಮುಂದಿನ ತಿಂಗಳವರೆಗೆ ಕಾಯಬೇಡಿ. ಎರಡನೆಯ ಸಲವೂ ಕಡಿಮೆಯೇ ಬಂದರೆ ಆ ಪುಟ ತೆರೆದು ನೆಫ್ರಾಲಜಿಸ್ಟ್ ಮುಂದಿಡಿ. ಫಿಸ್ಟುಲಾದ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕೇ, ಸಮಯ ಹೆಚ್ಚಿಸಬೇಕೇ ಎಂದು ತೀರ್ಮಾನಿಸಲು ಅವರಿಗೆ ಬೇಕಾದದ್ದೆಲ್ಲ ಅದರಲ್ಲಿರುತ್ತದೆ.